ಬೆಲ್ಟು ಏಕೆ ಕಿರುಚುತ್ತದೆ?



ಸುರಪುರ ತಾಲ್ಲೂಕಿನ ಯಾವ ಹಳ್ಳಿಯಲ್ಲಾದರೂ ಸರಿ, ನಸುಕಿನಲ್ಲಿ ಎದ್ದವರು ಈ ಸದ್ದನ್ನು ಕೇಳಿಯೇ ಇರುತ್ತಾರೆ. ಯಾರದೋ ಮನೆಯ ಮುಂದೆ ಟ್ರ್ಯಾಕ್ಟರಿನ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಚಾಲೂ ಆಗುತ್ತದೆ. ಕೂಡಲೆ 'ಕೀಂ' ಎಂದು ಕಿವಿ ಕೊರೆಯುವ ಒಂದು ಚೀರು. ನಾಲ್ಕೈದು ಕ್ಷಣ ಇದ್ದು ತಾನಾಗಿಯೇ ಅಡಗುತ್ತದೆ. ತಾನಾಗಿಯೇ ಅಡಗುವುದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂದು ನಾವು ಮಾತನಾಡಬೇಕಾದದ್ದು ಆ ನಾಲ್ಕೈದು ಕ್ಷಣಗಳ ಬಗ್ಗೆ.

ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡದ್ದು 1982ರಲ್ಲಿ. ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿದ ಮೇಲೆ ಜೋಳ, ತೊಗರಿ, ಹತ್ತಿಯ ಈ ಸೀಮೆಗೆ ಭತ್ತದ ಗದ್ದೆಗಳು ಬಂದವು. ಗದ್ದೆಯ ಬೆನ್ನಿಗೆ ಟ್ರ್ಯಾಕ್ಟರು, ರಾಶಿ ಯಂತ್ರ, ಭತ್ತ ಕೊಯ್ಯುವ ಯಂತ್ರ ಬಂದವು. ಹುಣಸಗಿ, ಕೆಂಭಾವಿ, ಕಕ್ಕೇರಿ ಕಡೆಯ ರಸ್ತೆಗಳಲ್ಲಿ ಜನ ತುಂಬಿಕೊಂಡು ಓಡುವ ಜೀಪು, ಕ್ರೂಸರುಗಳಿವೆ. ಊರೂರಿಗೂ ಹಿಟ್ಟಿನ ಗಿರಣಿ ಇದ್ದೇ ಇದೆ. ಇವೆಲ್ಲವುಗಳಲ್ಲೂ ಎಲ್ಲೋ ಒಂದು ಕಡೆ ಒಂದು ರಬ್ಬರಿನ ಬೆಲ್ಟು ತಿರುಗುತ್ತಿರುತ್ತದೆ. ಗಿರಣಿಯವರು ಅದನ್ನು ಪಟ್ಟಾ ಎನ್ನುತ್ತಾರೆ, ಮಿಸ್ತ್ರಿಗಳು ಫ್ಯಾನ್ ಬೆಲ್ಟು ಎನ್ನುತ್ತಾರೆ.

ಬೆಲ್ಟು ಕಿರುಚಿದಾಗ ಮನೆಯ ಹಿರಿಯರು ಕೊಡುವ ಮೊದಲ ಸಲಹೆ ಏನು? "ಒಂದೀಟು ಎಣ್ಣಿ ಬಿಡೋ ತಮ್ಮಾ, ಸುಮ್ಮಾಗ್ತದ." ಈ ಸಲಹೆ ಬಂದದ್ದು ಬಂಡಿಯ ಕಾಲದ ಅನುಭವದಿಂದ. ಬಂಡಿಯ ಗಾಲಿ ಕಿರುಗುಟ್ಟಿದರೆ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆಯನ್ನು ಅಚ್ಚಿಗೆ ಹಚ್ಚುತ್ತಿದ್ದರು. ಸದ್ದು ನಿಲ್ಲುತ್ತಿತ್ತು, ಎತ್ತುಗಳ ಶ್ರಮವೂ ಕಡಿಮೆಯಾಗುತ್ತಿತ್ತು. ಅಲ್ಲಿ ಅದು ನೂರಕ್ಕೆ ನೂರು ಸರಿಯಾದ ವಿಜ್ಞಾನ. ಆದರೆ ಬೆಲ್ಟಿನ ವಿಷಯದಲ್ಲಿ ಅದೇ ಮಾತು ನೂರಕ್ಕೆ ನೂರು ತಪ್ಪು. ಅಚ್ಚಿನಲ್ಲಿ ಘರ್ಷಣೆ ನಮ್ಮ ಶತ್ರು, ಬೆಲ್ಟಿನಲ್ಲಿ ಘರ್ಷಣೆಯೇ ನಮ್ಮ ಆಳು. ಎಂಜಿನಿನಿಂದ ಆಲ್ಟರ್ನೇಟರಿಗೆ ಶಕ್ತಿಯನ್ನು ಒಯ್ದು ಮುಟ್ಟಿಸುವುದು ಹಲ್ಲಲ್ಲ, ಕೊಂಡಿಯಲ್ಲ, ಬರೀ ಘರ್ಷಣೆ. ಅದು ಸಾಲದೆ ಹೋದಾಗ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತದೆ. ಆ ಜಾರುವಿಕೆಯ ಸದ್ದೇ ಕಿರುಚಾಟ. ಘರ್ಷಣೆ ಸಾಲದು ಎಂದು ಕೂಗುತ್ತಿರುವ ಬೆಲ್ಟಿಗೆ ಎಣ್ಣೆ ಹಾಕುವುದೆಂದರೆ ಹಸಿದವನ ಮುಂದಿನ ತಾಟನ್ನು ಎತ್ತಿ ಒಯ್ದಂತೆ.

ಜಾರಿದರೆ ಸದ್ದೇಕೆ ಬರಬೇಕು ಎಂದು ನೀವು ಕೇಳಬಹುದು. ಬೆಲ್ಟು ಒಂದೇ ಸಮನೆ ಜಾರುವುದಿಲ್ಲ. ಕ್ಷಣ ಹಿಡಿಯುತ್ತದೆ, ಕ್ಷಣ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗೆ ನಡೆದಾಗ ಬೆಲ್ಟು ಕಂಪಿಸಿ ಸ್ವರ ಹುಟ್ಟುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟಿದಾಗ ಇಡೀ ತರಗತಿ ಹಲ್ಲು ಕಚ್ಚುವುದೂ ಇದೇ ಕಾರಣಕ್ಕೆ.

ಇನ್ನೊಂದು ಪ್ರಶ್ನೆ. ಒಂದೇ ಬೆಲ್ಟು ಮೂರು ಪುಲ್ಲಿಗಳನ್ನು ತಿರುಗಿಸುತ್ತಿದ್ದರೂ ಸಾಮಾನ್ಯವಾಗಿ ಜಾರುವುದು ಆಲ್ಟರ್ನೇಟರಿನ ಹತ್ತಿರವೇ ಏಕೆ? ಹಳಬರು ಈಗಲೂ ಡೈನಮೊ ಎಂದು ಕರೆಯುವ ಈ ಯಂತ್ರ ಬ್ಯಾಟರಿಗೆ ವಿದ್ಯುತ್ತು ತುಂಬುತ್ತದೆ. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ಒಮ್ಮೆಲೆ ಬಹಳ ವಿದ್ಯುತ್ತು ಖರ್ಚಾಗಿರುತ್ತದೆ. ಎಂಜಿನ್ ಚಾಲೂ ಆದೊಡನೆ ಆಲ್ಟರ್ನೇಟರು ಆ ಸಾಲವನ್ನು ತೀರಿಸಲು ತನ್ನ ಪೂರ್ತಿ ಬಲದಿಂದ ತೊಡಗುತ್ತದೆ. ಒಂದು ಲೆಕ್ಕ ಮಾಡೋಣ. ಅದು 36 ಆಂಪಿಯರಿನದು, 14 ವೋಲ್ಟಿನಲ್ಲಿ ಕೊಡುತ್ತಿದೆ ಎಂದುಕೊಳ್ಳಿ. ಗುಣಿಸಿದರೆ ಸುಮಾರು 500 ವ್ಯಾಟ್. ಆಲ್ಟರ್ನೇಟರು ತಾನು ಪಡೆದ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ವಿದ್ಯುತ್ತಾಗಿಸಿತು ಎಂದರೆ ಬೆಲ್ಟು ಅದಕ್ಕೆ 1000 ವ್ಯಾಟ್ ಮುಟ್ಟಿಸಬೇಕು, ಅಂದರೆ ಒಂದೂಕಾಲು ಅಶ್ವಶಕ್ತಿಗಿಂತ ಹೆಚ್ಚು. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಬಲ ಸಿಗುತ್ತದೆ ಎಂದು ನೀವು ಓದಿದ್ದೀರಿ. ಬೆಲ್ಟಿನ ಓಟ ಸೆಕೆಂಡಿಗೆ 10 ಮೀಟರ್ ಇದ್ದರೆ ಬೇಕಾದ ಎಳೆತ 100 ನ್ಯೂಟನ್, ಸುಮಾರು 10 ಕಿಲೋ ತೂಕದಷ್ಟು. ಇಷ್ಟನ್ನು ಬೆಲ್ಟು ಅಂಗೈಯಷ್ಟಗಲದ, ಇರುವುದರಲ್ಲೇ ಚಿಕ್ಕದಾದ ಪುಲ್ಲಿಯ ಮೇಲೆ, ಅದರ ಸುತ್ತಳತೆಯ ಅರ್ಧವನ್ನೂ ಪೂರ್ತಿ ತಬ್ಬಿಕೊಳ್ಳದೆ ಸಾಧಿಸಬೇಕು. ಬ್ಯಾಟರಿ ಸ್ವಲ್ಪ ತುಂಬಿಕೊಂಡ ಮೇಲೆ ಹೊರೆ ಇಳಿಯುತ್ತದೆ, ಜಾರುವುದು ನಿಲ್ಲುತ್ತದೆ, ಸದ್ದೂ ಅಡಗುತ್ತದೆ. ಸದ್ದು ಅಡಗಿತೆಂದರೆ ಬೆಲ್ಟು ಸರಿಹೋಯಿತು ಎಂದು ಅರ್ಥವಲ್ಲ. ಬೆಲ್ಟು ಸೋಲುತ್ತಿದ್ದ ಪರೀಕ್ಷೆ ಮುಗಿಯಿತು, ಅಷ್ಟೆ.

ಈಗ ಬೆಲ್ಟಿನ ಆಕಾರ ನೋಡಿ. ನಮ್ಮ ಟ್ರ್ಯಾಕ್ಟರು, ಜೀಪುಗಳಲ್ಲಿ ಹೆಚ್ಚಾಗಿ ಇರುವುದು ಇಂಗ್ಲಿಷಿನ 'ವಿ' ಅಕ್ಷರದ ಆಕಾರದ್ದು. ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಗಾಡಿಯೂ, ಅಂದರೆ ಅಂಚಿನ ತೋಡೂ, ಹಾಗೆಯೇ. ಕಟ್ಟಿಗೆ ಸೀಳುವಾಗ ಬೆಣೆ ಹೊಡೆಯುವುದನ್ನು ನೀವು ಕಂಡಿದ್ದೀರಿ. ಬೆಣೆಯನ್ನು ಮೇಲಿನಿಂದ ಸ್ವಲ್ಪ ಒತ್ತಿದರೂ ಅದು ಎರಡೂ ಪಕ್ಕಗಳನ್ನು ಬಹಳ ಬಲವಾಗಿ ಒತ್ತುತ್ತದೆ. ವಿ ಬೆಲ್ಟು ಒಂದು ಬಾಗುವ ಬೆಣೆ. ತೋಡಿನ ಕೋನ 36 ಡಿಗ್ರಿ ಇದ್ದರೆ ಅದರ ಹಿಡಿತ ಚಪ್ಪಟೆ ಬೆಲ್ಟಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಕಾಲೇಜಿನಲ್ಲಿ ಗಣಿತ ಓದುವವರು ಇದನ್ನು ಮುಂದುವರಿಸಿ ನೋಡಬಹುದು. ಹಗ್ಗವೋ ಬೆಲ್ಟೋ ಒಂದು ಉರುಳೆಯನ್ನು ಸುತ್ತಿದಾಗ ಬಿಗಿ ಬದಿಯ ಎಳೆತಕ್ಕೂ ಸಡಿಲ ಬದಿಯ ಎಳೆತಕ್ಕೂ ಇರುವ ಗರಿಷ್ಠ ಅನುಪಾತವನ್ನು 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರ ಹೇಳುತ್ತದೆ. ಘರ್ಷಣೆಯ ಗುಣಾಂಕ 0.3, ಬೆಲ್ಟು ತಬ್ಬಿದ ಕೋನ 150 ಡಿಗ್ರಿ ಎಂದು ಹಿಡಿದರೆ ಚಪ್ಪಟೆ ಬೆಲ್ಟಿಗೆ ಆ ಅನುಪಾತ ಎರಡಕ್ಕಿಂತ ತುಸು ಹೆಚ್ಚು. ಬೆಣೆಯ ಮೂರು ಪಟ್ಟನ್ನು ಸೇರಿಸಿದರೆ ಅದೇ ಅನುಪಾತ ಹತ್ತನ್ನು ದಾಟುತ್ತದೆ.

ಈ ಎರಡು ಮತ್ತು ಹತ್ತರ ನಡುವೆ ನಮ್ಮ ಅರ್ಧ ಸಮಸ್ಯೆ ಅಡಗಿದೆ. ಬೆಲ್ಟಿನ ಪಕ್ಕಗಳು ಸವೆದರೆ ಅದು ತೋಡಿನಲ್ಲಿ ಕೆಳಗಿಳಿಯುತ್ತದೆ. ಇಳಿದು ಇಳಿದು ತಳಕ್ಕೆ ಕುಳಿತ ದಿನ ಅದು ಬೆಣೆಯಾಗಿ ಉಳಿಯುವುದಿಲ್ಲ, ಒಂದು ಕೆಟ್ಟ ಚಪ್ಪಟೆ ಬೆಲ್ಟಾಗುತ್ತದೆ. ಹತ್ತರ ಹಿಡಿತ ಎರಡಕ್ಕೆ ಬೀಳುತ್ತದೆ. ಇಂಥ ಬೆಲ್ಟನ್ನು ಎಷ್ಟು ಬಿಗಿಗೊಳಿಸಿದರೂ ಕಿರುಚುವುದು ನಿಲ್ಲದು. 'ನಿನ್ನೆ ತಾನೆ ಟೈಟ್ ಮಾಡಿಸಿದೆ, ಇವತ್ತು ಮತ್ತೆ ಶುರು' ಎನ್ನುವವರ ಬೆಲ್ಟನ್ನು ನೋಡಿದರೆ ಹಲವು ಸಲ ಇದೇ ಕಾರಣ ಕಾಣುತ್ತದೆ.

ಹಾಗಾದರೆ ಮನೆಯಲ್ಲಿಯೇ ಪರೀಕ್ಷೆ ಹೇಗೆ? ಪಾನಾ ಹಿಡಿಯುವ ಮೊದಲು ಕಿವಿಯಿಂದ ಆರಂಭಿಸಿ. ಸದ್ದು ಯಾವಾಗ ಬರುತ್ತದೆ ಎಂದು ಎರಡು ದಿನ ಗಮನಿಸಿ, ಒಂದು ಚೀಟಿಯಲ್ಲಿ ಬರೆಯಿರಿ. ಚಾಲೂ ಮಾಡಿದಾಗ, ಹೆಡ್‌ಲೈಟು ಹಾಕಿ ವೇಗ ಕೊಟ್ಟಾಗ, ಕಾರಿನಲ್ಲಾದರೆ ಎ.ಸಿ. ಹಾಕಿದಾಗ ಉದ್ದನೆಯ ಚೀರು ಬಂದರೆ ಅದು ಹೊರೆ ತಾಳದ ಜಾರುವಿಕೆ. ಹೊರೆ ಇಲ್ಲದೆ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ ಗುಬ್ಬಿಯ ಹಾಗೆ 'ಚಿಂವ್ ಚಿಂವ್' ಎಂದು ತಾಳಬದ್ಧವಾಗಿ ಸದ್ದು ಬರುತ್ತಿದ್ದರೆ ಸಂಶಯ ಬೇರೆ ಕಡೆ ಹೋಗಬೇಕು. ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರಬಹುದು, ಬೆಲ್ಟು ಪ್ರತಿ ಸುತ್ತಿಗೂ ಓರೆಯಾಗಿ ತೋಡಿಗೆ ಇಳಿಯುತ್ತಿರಬಹುದು. ಇನ್ನು, ಸದ್ದು ಚೀರಾಗಿರದೆ ಜೋಳ ಬೀಸಿದಂತೆ 'ಗರ್ ಗರ್' ಎಂದಿದ್ದರೆ ಅದು ಬೆಲ್ಟಿನದಲ್ಲ. ಆಲ್ಟರ್ನೇಟರಿನ ಅಥವಾ ವಾಟರ್ ಪಂಪಿನ ಬೇರಿಂಗು ಹೋಗಿದೆ. ಬೆಲ್ಟು ಬದಲಿಸಿ ಹಣ ಕಳೆಯಬೇಡಿ.

ಚೀರು ಮತ್ತು ಚಿಂವ್‌ಗುಟ್ಟುವಿಕೆಯ ನಡುವೆ ಅನುಮಾನ ಉಳಿದರೆ ನೀರಿನ ಪರೀಕ್ಷೆ ಇದೆ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ, ದೂರ ನಿಂತು, ತಿರುಗುತ್ತಿರುವ ಬೆಲ್ಟಿನ ಒಳಮೈಗೆ ನಾಲ್ಕು ಹನಿ ನೀರು ಚಿಮುಕಿಸಬೇಕು. ಸದ್ದು ಇನ್ನೂ ಜೋರಾದರೆ ಬೆಲ್ಟು ಸಡಿಲ. ಸದ್ದು ಕ್ಷಣ ನಿಂತು, ನೀರು ಆರಿದ ಮೇಲೆ ಮರಳಿ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ಒಂದು ಎಚ್ಚರಿಕೆ. ಇದು ಎಂಜಿನ್ ಓಡುತ್ತಿರುವಾಗ ಮಾಡುವ ಪರೀಕ್ಷೆ, ಇದನ್ನು ಹಿರಿಯರ ಜೊತೆಗಿದ್ದು ಮಾಡಿ. ಹೆಗಲ ಟವಲು, ಓಢಣಿ, ಸಡಿಲ ತೋಳು, ಇಳಿಬಿಟ್ಟ ಜಡೆ ಇವು ಯಾವುವೂ ಬೆಲ್ಟಿನ ಹತ್ತಿರ ಸುಳಿಯಬಾರದು. ಬೆಲ್ಟು ಪುಲ್ಲಿಯನ್ನು ಸೇರುವ ಸಂದಿಯಲ್ಲಿ ಬಟ್ಟೆಯ ತುದಿ ಸಿಕ್ಕರೆ ಅದನ್ನು ಬಿಡಿಸಿಕೊಳ್ಳಲು ಮನುಷ್ಯನಿಗೆ ಸಮಯ ಸಿಗುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಪಟ್ಟಾಕ್ಕೆ ಜಾಳಿಗೆಯ ಮರೆ ಇಲ್ಲದಿದ್ದರೆ ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರ ಸೆರಗಿಗೂ ಅದೇ ಅಪಾಯ. ನಿಮ್ಮ ಓಣಿಯ ಗಿರಣಿಯಲ್ಲಿ ಆ ಮರೆ ಇದೆಯೇ ಎಂದು ಮುಂದಿನ ಸಲ ಹೋದಾಗ ನೋಡಿ, ಇಲ್ಲದಿದ್ದರೆ ಕೇಳಿ.

ಮುಂದಿನದೆಲ್ಲ ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಎಂಜಿನ್ ತಣಿದ ಮೇಲೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಕಳಚಿ ಇಡಿ. ಈಗಿನ ಕೆಲವು ಕಾರುಗಳಲ್ಲಿ ಎಂಜಿನ್ ನಿಂತಿದ್ದರೂ ವಿದ್ಯುತ್ ಫ್ಯಾನು ತಾನೇ ತಿರುಗಲು ಆರಂಭಿಸುತ್ತದೆ. ಜೊತೆಗೆ ಆಲ್ಟರ್ನೇಟರಿನ ಹಿಂಬದಿಯ ತಂತಿಗೆ ಪಾನಾ ತಗುಲಿದರೆ ಕಿಡಿ ಹಾರುತ್ತದೆ.

ಬೆಲ್ಟನ್ನು ಬೆರಳಿನಿಂದ ಹೊರಳಿಸಿ ಅದರ ಪಕ್ಕಗಳನ್ನು ನೋಡಿ. ಆರೋಗ್ಯವಂತ ಬೆಲ್ಟಿನ ಪಕ್ಕ ಮಂಕಾಗಿರುತ್ತದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಕಾದು ಗಟ್ಟಿಯಾಗಿದೆ. ಬಿರುಕುಗಳಿವೆಯೇ, ಅಂಚಿನಲ್ಲಿ ನೂಲು ಎದ್ದಿದೆಯೇ ನೋಡಿ. ಎಣ್ಣೆ ಅಂಟಿದ್ದರೆ ಮೊದಲು ಎಣ್ಣೆ ಸೋರುವ ಜಾಗವನ್ನು ಹುಡುಕಬೇಕು, ಇಲ್ಲದಿದ್ದರೆ ಹೊಸ ಬೆಲ್ಟೂ ವಾರದಲ್ಲಿ ಹಾಳು. ಆಮೇಲೆ ಬೆಲ್ಟು ತೋಡಿನಲ್ಲಿ ಎಲ್ಲಿ ಕುಳಿತಿದೆ ನೋಡಿ. ಹೊಸ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಬಹಳ ಒಳಗಿಳಿದಿದ್ದರೆ, ತೋಡಿನ ತಳ ಬೆಳ್ಳಿಯ ಹಾಗೆ ಉಜ್ಜಿಹೋಗಿ ಮಿಂಚುತ್ತಿದ್ದರೆ ತೀರ್ಪು ಸಿಕ್ಕಿತು. ಬೆಲ್ಟು ತಳ ಮುಟ್ಟಿದೆ. ಹೊಸ ಬೆಲ್ಟು ಹಾಕಿದರೂ ತಳವೇ ಮುಟ್ಟುತ್ತಿದ್ದರೆ ಪುಲ್ಲಿ ಸವೆದಿದೆ, ಅಥವಾ ಅಳತೆ ತಪ್ಪಿದ ಬೆಲ್ಟು ಕೊಟ್ಟಿದ್ದಾರೆ.

ಬಿಗಿ ನೋಡುವುದು ಹೆಬ್ಬೆರಳಿನಿಂದ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯದಲ್ಲಿ ಗಟ್ಟಿಯಾಗಿ ಒತ್ತಿ. ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ತಗ್ಗಬೇಕು, ಅಂದರೆ ಒಂದು ಬೆರಳಿನ ದಪ್ಪದ ಆಜುಬಾಜು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಆ ಪುಸ್ತಕ ಹಲವರ ಮನೆಯಲ್ಲಿ ದೇವರ ಜಗುಲಿಯ ಪಕ್ಕದಲ್ಲೋ ಟ್ರಂಕಿನಲ್ಲೋ ಬಿಚ್ಚದೆ ಭದ್ರವಾಗಿರುತ್ತದೆ. ತೆಗೆದು ಓದುವ ಕೆಲಸ ಶಾಲೆಗೆ ಹೋಗುವ ನಿಮ್ಮದು. ಸಾಲು ನೋಡಲು ಒಂದು ದಾರವನ್ನು ಬಿಗಿಯಾಗಿ ಹಿಡಿದು ಎರಡು ಪುಲ್ಲಿಗಳ ಮುಖಕ್ಕೆ ತಾಗಿಸಿ. ಮುಖಗಳು ಒಂದೇ ಮಟ್ಟದಲ್ಲಿರುವ ಪುಲ್ಲಿಗಳಾದರೆ ದಾರ ಎಲ್ಲ ಕಡೆ ಸಮನಾಗಿ ತಾಗಬೇಕು. ಬೆಲ್ಟು ಕಳಚಿದಾಗ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡುವುದನ್ನು ಮರೆಯಬೇಡಿ. ಗರಗರ ಎಂದರೆ, ಓಲಾಡಿದರೆ ಅದು ಬೇರಿಂಗಿನ ಕೆಲಸ, ಮಿಸ್ತ್ರಿಯ ಹತ್ತಿರ ಹೋಗಬೇಕು.

ಬರೀ ಸಡಿಲವಾಗಿದ್ದರೆ ದುರಸ್ತಿ ಕಷ್ಟದ್ದಲ್ಲ. ಆಲ್ಟರ್ನೇಟರು ಕೆಳಗೆ ಒಂದು ಬೋಲ್ಟಿನ ಮೇಲೆ ಬಾಗಿಲಿನಂತೆ ತಿರುಗುತ್ತದೆ. ಮೇಲೆ ಉದ್ದನೆಯ ಸೀಳಿರುವ ಒಂದು ಪಟ್ಟಿಯಲ್ಲಿ ಇನ್ನೊಂದು ಬೋಲ್ಟು ಅದನ್ನು ಹಿಡಿದಿರುತ್ತದೆ. ಎರಡನ್ನೂ ಸ್ವಲ್ಪ ಸಡಿಲಿಸಿ, ಟಾಮಿ ಅಥವಾ ಗಟ್ಟಿ ಕಟ್ಟಿಗೆಯಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ, ಮೀಟಿ ಹಿಡಿದುಕೊಂಡೇ ಮೇಲಿನ ಬೋಲ್ಟು ಬಿಗಿಯಬೇಕು, ಆಮೇಲೆ ಕೆಳಗಿನದು. ಮೀಟುವಾಗ ಆನಿಸುವುದು ಪುಲ್ಲಿಯ ಕಡೆಯ ಗಟ್ಟಿ ಮೈಗೆ. ಹಿಂಭಾಗಕ್ಕೆ ಆನಿಸಿದರೆ ಅಲ್ಯೂಮಿನಿಯಮ್ ಕವಚ ಸೀಳಬಹುದು. ಇಲ್ಲಿ ಎರಡನೆಯ ಅತಿರೇಕವೂ ಉಂಟು. ಇನ್ನು ಮುಂದೆ ಸದ್ದೇ ಬರಬಾರದೆಂದು ಬೆಲ್ಟನ್ನು ತಂತಿಯ ಹಾಗೆ ಬಿಗಿಯುವವರಿದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಆ ಎಳೆತವನ್ನೆಲ್ಲ ಹೊರುವುದು ವಾಟರ್ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳು. ಬೆಲ್ಟು ಅಗ್ಗ, ಬೇರಿಂಗು ಅಗ್ಗವಲ್ಲ.

ಬೆಲ್ಟಿಗೆ ಹಚ್ಚುವ ಮನೆಮದ್ದುಗಳ ಬಗ್ಗೆ ಎರಡು ಮಾತು. ಸಾಬೂನು, ಮೇಣದ ಬತ್ತಿ ಉಜ್ಜಿದರೆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ. ಜಾರುವ ಬೆಲ್ಟು ಮೌನವಾಗಿ ಜಾರುತ್ತಿದೆ, ಅಷ್ಟೇ ವ್ಯತ್ಯಾಸ. ಸೀಮೆಎಣ್ಣೆ, ಡೀಸೆಲ್, ಗ್ರೀಸು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಗಿರಣಿಯವರು ಪಟ್ಟಾಕ್ಕೆ ರಾಳ ಹಚ್ಚುವುದನ್ನು ನೀವು ನೋಡಿರಬಹುದು. ಅದು ಚಪ್ಪಟೆ ಪಟ್ಟಾದ ಮದ್ದು, ಅಂಟನ್ನು ಹೆಚ್ಚಿಸುತ್ತದೆ. ವಿ ಬೆಲ್ಟಿಗೆ ಅದು ಬೇಡ. ನಮ್ಮ ಎರೆಭೂಮಿಯ ದೂಳು, ತೊಗರಿ ರಾಶಿಯ ಹೊಟ್ಟು ಆ ಅಂಟಿಗೆ ಕಚ್ಚಿಕೊಂಡು ತೋಡಿನಲ್ಲಿ ಗಟ್ಟಿ ಪದರವಾಗಿ ಕೂಡುತ್ತವೆ. ರಾಶಿಯ ದಿನಗಳಲ್ಲಿ ಸಂಜೆಗೊಮ್ಮೆ ಒಣ ಬಟ್ಟೆಯಿಂದ ಪುಲ್ಲಿ ಒರೆಸಿದರೆ ಯಾವ ಮದ್ದೂ ಬೇಕಾಗದು.

ಇಷ್ಟೆಲ್ಲ ತೊಂದರೆ ಏಕೆ, ಒಂದು ಚೀರಿಗೆ? ಟ್ರ್ಯಾಕ್ಟರಿನಲ್ಲೂ ಹಳೆಯ ಜೀಪಿನಲ್ಲೂ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ಸಾಮಾನ್ಯವಾಗಿ ರೇಡಿಯೇಟರಿನ ಫ್ಯಾನನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟು ಜಾರಿದರೆ ಎಂಜಿನ್ನು ತಣಿಯುವುದೂ ಕುಂಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಹೊರೆ ಎಳೆಯುವ ಟ್ರ್ಯಾಕ್ಟರಿನ ಬೆಲ್ಟು ಹರಿದು, ಚಾಲಕ ಅದನ್ನು ಗಮನಿಸದೆ ಇನ್ನೂ ಸ್ವಲ್ಪ ದೂರ ಓಡಿಸಿದರೆ ನೀರು ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ಡೇ ಸೊಟ್ಟಗಾಗಬಹುದು. ಕೆಲವು ನೂರು ರೂಪಾಯಿಯ ಬೆಲ್ಟಿನ ಮಾತು ಹಲವು ಸಾವಿರದ ಎಂಜಿನ್ ಕೆಲಸವಾಗುತ್ತದೆ. ಅದೂ ನಾಟಿಯ ಹದಕ್ಕೆ ಗದ್ದೆಗೆ ನೀರು ಬಿಟ್ಟ ದಿನವೇ ಆದರೆ ನಷ್ಟ ರೂಪಾಯಿಯ ಲೆಕ್ಕಕ್ಕೆ ಸಿಗದು. ರಾತ್ರಿ ಪ್ರಯಾಣದಲ್ಲಿ ಇದೇ ದೋಷದ ಮುಖ ಬೇರೆ. ಬ್ಯಾಟರಿ ತುಂಬದೆ ಹೆಡ್‌ಲೈಟು ಮಂದವಾಗುತ್ತಾ ಹೋಗುತ್ತದೆ. ತಿಂಥಣಿಯ ಕಡೆಯ ಕತ್ತಲ ರಸ್ತೆಯಲ್ಲಿ ಹದಿನೈದು ಜನರನ್ನು ತುಂಬಿದ ಕ್ರೂಸರಿಗೆ ದೀಪವಿಲ್ಲವೆಂದರೆ ಏನೆಂದು ಊಹಿಸಿ. ವಿಜ್ಞಾನದ ವಿದ್ಯಾರ್ಥಿಗಳ ಬಳಿ ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ತುದಿಗಳಲ್ಲಿ ಅಳೆದು ನೋಡಬಹುದು. ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ 12.6 ವೋಲ್ಟಿನ ಹತ್ತಿರ ಇರುತ್ತದೆ, ಓಡುವಾಗ 13.8ರಿಂದ 14.4ರ ವರೆಗೆ ಏರಬೇಕು. ದೀಪ ಹಾಕಿ ವೇಗ ಕೊಟ್ಟರೂ ಏರದಿದ್ದರೆ ಬೆಲ್ಟು ಜಾರುತ್ತಿದೆ ಅಥವಾ ಆಲ್ಟರ್ನೇಟರಿನಲ್ಲಿಯೇ ದೋಷವಿದೆ.

ಈಗಿನ ಕಾರುಗಳಲ್ಲಿ ಅನೇಕ ಸಣ್ಣ ಏಣುಗಳುಳ್ಳ ಅಗಲ ಬೆಲ್ಟು ಇರುತ್ತದೆ. ಹಲವುಗಳಲ್ಲಿ ಅದನ್ನು ಸ್ಪ್ರಿಂಗಿನ ಟೆನ್ಷನರು ತಾನೇ ಬಿಗಿಯಾಗಿ ಹಿಡಿದಿರುತ್ತದೆ. ಅಂಥವನ್ನು ಮೀಟಿ ಬಿಗಿಯಲು ಹೋಗಬೇಡಿ. ಕಿರುಚಿದರೆ ಸ್ಪ್ರಿಂಗು ಸೋತಿರಬಹುದು. ಈ ಬೆಲ್ಟುಗಳ ಹೊಸ ಬಗೆಯ ರಬ್ಬರು ಹಳೆಯದರಂತೆ ಬಿರುಕು ಬಿಡದೆ, ಟೈರಿನಂತೆ ಸವೆಯುತ್ತಾ ಹೋಗುತ್ತದೆ. ಬಿರುಕಿಲ್ಲ, ಆದ್ದರಿಂದ ಚೆನ್ನಾಗಿದೆ ಎಂದುಕೊಳ್ಳುವ ಹಾಗಿಲ್ಲ.

ಹೊಸ ಬೆಲ್ಟು ತರುವಾಗ ಹಳೆಯದರ ಬೆನ್ನಿನ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ರಂಗಂಪೇಟೆಗೋ ಶಹಾಪುರಕ್ಕೋ ಹೋಗಿ. ಸಂಖ್ಯೆ ಅಳಿಸಿದ್ದರೆ ಹಳೆಯ ಬೆಲ್ಟನ್ನೇ ಒಯ್ಯಿರಿ. ಎರಡು ಬೆಲ್ಟು ಜೋಡಿಯಾಗಿ ಓಡುವ ಯಂತ್ರವಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಒಂದು ಹಳೆಯದು ಒಂದು ಹೊಸದು ಎಂದರೆ ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ. ಹಾಕುವಾಗ ಆಲ್ಟರ್ನೇಟರನ್ನು ಪೂರ್ತಿ ಒಳಕ್ಕೆ ಸರಿಸಿ ಕೈಯಿಂದ ಕೂಡಿಸಿ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ಹರಿಯುತ್ತದೆ, ಅದು ಹೊರಗೆ ಕಾಣುವುದಿಲ್ಲ. ಹೊಸ ಬೆಲ್ಟು ತೋಡಿನಲ್ಲಿ ಕುಳಿತುಕೊಳ್ಳುತ್ತಾ ಸ್ವಲ್ಪ ಸಡಿಲವಾಗುವುದು ಸಹಜ. ಕಾಲು ಗಂಟೆ ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಹೆಬ್ಬೆರಳಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಮರುದಿನದ ಕೆಲಸ ಮುಗಿದ ಮೇಲೆ ಇನ್ನೊಮ್ಮೆ. ಸಂಖ್ಯೆ ಬರೆದ ಚೀಟಿಯನ್ನು ಗಾಡಿಯ ಕಾಗದಗಳ ಜೊತೆ ಇಡಿ, ತೊಗರಿ ರಾಶಿಯ ಹಂಗಾಮಿಗೆ ಮುಂಚೆ ಇನ್ನೊಂದು ಬೆಲ್ಟು ತಂದು ಪಾನಾ ಸಮೇತ ಸೀಟಿನ ಕೆಳಗೆ, ಬಿಸಿಲೂ ಡೀಸೆಲ್ಲೂ ತಾಗದಂತೆ ಇಟ್ಟಿರಿ.